ಗುಟ್ಟು ಬಿಡದ ವಿಮರ್ಶಕಿ: ಡೊರೊಥಿ ಸೇಯರ್ಸ್

೧೯೩೩ರ ಜೂನ್ ತಿಂಗಳಿಂದ ೧೯೩೫ರ ಆಗಸ್ಟಿನವರೆಗೆ, ಎರಡು ವರ್ಷಕ್ಕೆ ತುಸು ಮಿಕ್ಕ ಕಾಲ, ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆಯ ಪತ್ತೇದಾರಿ ಕಾದಂಬರಿಗಳ ವಿಮರ್ಶೆಯ ಭಾರವನ್ನು ಒಬ್ಬ ಹೆಂಗಸು ಹೊತ್ತಿದ್ದಳು. ಆ ಅವಧಿಯಲ್ಲಿ ಆಕೆ ಓದಿ ತೂಗಿದ ಪುಸ್ತಕಗಳು ಮುನ್ನೂರಕ್ಕೂ ಮಿಕ್ಕಿ. ಅವುಗಳಲ್ಲಿ ಬಹುಪಾಲು ಇಂದು ಹಳೆಯ ಗ್ರಂಥಾಲಯಗಳ ಪಟ್ಟಿಯಲ್ಲಿ ಮಾತ್ರ ಉಳಿದಿವೆ. ಆದರೆ ಆ ವಿಮರ್ಶೆಗಳು ಉಳಿದುವು. ಓದಿ ಎಸೆಯುವುದಕ್ಕೆಂದೇ ಬರೆದ ಪುಸ್ತಕಗಳ ಮೇಲೆ, ಓದಿ ಎಸೆಯುವ ವಾರಪತ್ರಿಕೆಗಾಗಿ ಬರೆದ ಮಾತುಗಳು ಏತಕ್ಕೆ ಉಳಿಯಬೇಕು? ಡೊರೊಥಿ ಲೀ ಸೇಯರ್ಸಳ ಬಾಳನ್ನು ಒಮ್ಮೆ ಹಿಂತಿರುಗಿ ನೋಡುವುದಕ್ಕೆ ಈ ಪ್ರಶ್ನೆಯೊಂದೇ ಸಾಕಾದ ಕಾರಣ.

ಹುಟ್ಟಿದ್ದು ೧೮೯೩ರ ಜೂನ್ ೧೩ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಹೆನ್ರಿ ಸೇಯರ್ಸ್ ಪಾದ್ರಿ. ಅಲ್ಲಿನ ಕ್ರೈಸ್ಟ್ ಚರ್ಚ್ ಪ್ರಧಾನ ದೇಗುಲದ ಗಾಯಕ ಬಾಲಕರ ಶಾಲೆಗೆ ಮುಖ್ಯಾಧ್ಯಾಪಕ. ಮಗಳಿಗೆ ನಾಲ್ಕು ವರ್ಷವಾದಾಗ ಆತ ಬ್ಲಂಟಿಷಮ್ ಎಂಬ ಹಳ್ಳಿಯ ಇಗರ್ಜಿಗೆ ಪಾದ್ರಿಯಾಗಿ ಹೋದ. ಇಂಗ್ಲೆಂಡಿನ ಮೂಡಣ ಭಾಗದಲ್ಲಿ ಫೆನ್ ಎಂದು ಕರೆಯುವ ಜೌಗು ನೆಲವೊಂದುಂಟು. ಶತಮಾನಗಳ ಕಾಲ ಕಾಲುವೆ ತೋಡಿ, ಏರಿ ಕಟ್ಟಿ, ತೂಬುಗಳನ್ನು ನಿಲ್ಲಿಸಿ, ನೀರನ್ನು ಹೊರಹಾಕಿ ಮನುಷ್ಯನು ಸಾಗುವಳಿಗೆ ತಂದ ಭೂಮಿ ಅದು. ಅಲ್ಲಿ ಎತ್ತ ನೋಡಿದರೂ ಸಮತಟ್ಟು. ಕಣ್ಣಿಗೆ ಕಾಣುವ ಎತ್ತರವೆಂದರೆ ಇಗರ್ಜಿಯ ಗೋಪುರ ಒಂದೇ. ಏರಿ ಒಡೆದರೆ ಊರು ನೀರಿನ ಪಾಲು. ಓರಗೆಯ ಮಕ್ಕಳಿಲ್ಲದ ಆ ದೊಡ್ಡ ಮನೆಯಲ್ಲಿ ತಂದೆ ಆಕೆಗೆ ಏಳು ತುಂಬುವ ಮೊದಲೇ ಲ್ಯಾಟಿನ್ ಹೇಳಿಕೊಡಲು ತೊಡಗಿದನೆಂಬುದು ಮುಂದಿನ ಕಥೆಗೆಲ್ಲ ಬೀಜ. ವ್ಯಾಕರಣವೆಂದರೆ ಆಕೆಗೆ ಪರೀಕ್ಷೆಯ ಪಾಠವಾಗಿರಲಿಲ್ಲ, ಆಟವಾಗಿತ್ತು. ಒಂದು ವಾಕ್ಯದಲ್ಲಿ ಯಾವ ಪದ ಯಾವುದಕ್ಕೆ ಅಂಟಿಕೊಂಡಿದೆ ಎಂದು ಹುಡುಕುವ ಚಟ ಎಳವೆಯಲ್ಲಿ ಹತ್ತಿದವರಿಗೆ ಪತ್ತೇದಾರಿಕೆ ಬೇರೆ ವಿದ್ಯೆಯಲ್ಲ.

೧೯೧೨ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜು ಸೇರಿದಳು. ೧೯೧೫ರಲ್ಲಿ ಆಧುನಿಕ ಭಾಷೆಗಳಲ್ಲಿ, ಮುಖ್ಯವಾಗಿ ಮಧ್ಯಯುಗದ ಫ್ರೆಂಚ್ ವಿಷಯದಲ್ಲಿ, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ತೇರ್ಗಡೆಯಾದರೂ ಪದವಿಯಿಲ್ಲ! ಹೆಣ್ಣುಮಕ್ಕಳು ಪಾಠ ಕೇಳಬಹುದು, ಪರೀಕ್ಷೆಗೆ ಕೂಡಬಹುದು, ಗಂಡಸರಿಗಿಂತ ಮಿಗಿಲಾಗಿ ಬರೆಯಲೂಬಹುದು. ಪದವಿಯನ್ನು ಮಾತ್ರ ಕೇಳುವಂತಿರಲಿಲ್ಲ. ೧೯೨೦ರಲ್ಲಿ ಆ ವಿಶ್ವವಿದ್ಯಾನಿಲಯ ತನ್ನ ನಿಯಮವನ್ನು ತಿದ್ದಿದಾಗ, ಮೊದಲು ಪದವಿ ಪಡೆದ ಹೆಂಗಸರ ಸಾಲಿನಲ್ಲಿ ಸೇಯರ್ಸಳೂ ನಿಂತಿದ್ದಳು. ಆ ಐದು ವರ್ಷಗಳಲ್ಲಿ ಆಕೆ ಶಾಲಾ ಉಪಾಧ್ಯಾಯಿನಿಯಾಗಿದ್ದಳು, ಬ್ಲ್ಯಾಕ್‌ವೆಲ್ ಪ್ರಕಾಶಕರಲ್ಲಿ ಕೆಲಸಕ್ಕಿದ್ದಳು, ಫ್ರಾನ್ಸಿನ ಒಂದು ಶಾಲೆಯಲ್ಲಿ ದುಡಿದಳು, ಕವಿತೆಗಳನ್ನು ಬರೆದು ಅಚ್ಚು ಹಾಕಿಸಿದಳು. ಯಾವುದೂ ಹೊಟ್ಟೆ ತುಂಬಿಸಲಿಲ್ಲ.

೧೯೨೨ರಲ್ಲಿ ಲಂಡನ್ನಿನ ಬೆನ್ಸನ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ಒಕ್ಕಣೆ ಬರೆಯುವ ಕೆಲಸ ಸಿಕ್ಕಿತು. ಸಾಸಿವೆ ಪುಡಿಯನ್ನು ಮಾರಲು ‘ಸಾಸಿವೆ ಸಂಘ’ ಎಂಬ ಇಲ್ಲದ ಸಂಘವೊಂದನ್ನು ಕಟ್ಟಿ, ಅದಕ್ಕೆ ಸದಸ್ಯರನ್ನೂ ನಿಯಮಗಳನ್ನೂ ಕಲ್ಪಿಸಿ ದೇಶವನ್ನೇ ನಗಿಸಿದ ಆ ಕಾಲದ ಪ್ರಚಾರದಲ್ಲಿ ಈಕೆಯ ಕೈ ದೊಡ್ಡದು. ೧೯೩೧ರವರೆಗೆ ಅಲ್ಲಿದ್ದಳು. ಮಧ್ಯಯುಗದ ಕಾವ್ಯ ಓದಿದವಳು ಸಾಸಿವೆ ಮಾರಿದಳಲ್ಲ ಎಂದು ಮರುಗುವವರು ಇರಬಹುದು. ನನಗೆ ಹಾಗೆ ತೋರುವುದಿಲ್ಲ. ಒಂದಂಗುಲ ಜಾಗದಲ್ಲಿ ಹೇಳಬೇಕಾದುದನ್ನು ಹೇಳಿ, ಹೇಳಬಾರದುದನ್ನು ಮುಚ್ಚಿ, ಓದುಗನ ಕೈಹಿಡಿದು ಅಂಗಡಿಯವರೆಗೆ ಕರೆತರುವ ಆ ಕಸಬು ಆಕೆಯ ವಿಮರ್ಶೆಯ ಗದ್ಯಕ್ಕೆ ಸಾಣೆ ಹಿಡಿಯಿತು.

ಮೊದಲ ಪತ್ತೇದಾರಿ ಕಾದಂಬರಿ ‘ಹೂಸ್ ಬಾಡಿ’ ೧೯೨೩ರಲ್ಲಿ ಹೊರಬಂತು. ಲಾರ್ಡ್ ಪೀಟರ್ ವಿಮ್ಸೀ ಎಂಬ ಸಿರಿವಂತ, ಮಾತುಗಾರ, ಹಳೆಯ ಪುಸ್ತಕಗಳ ಹುಚ್ಚಿನ ಪತ್ತೇದಾರ ಅಲ್ಲಿ ಹುಟ್ಟಿದ. ಆ ಪುಸ್ತಕ ಅಂಗಡಿಗೆ ಬಂದ ಕೆಲವೇ ತಿಂಗಳಲ್ಲಿ, ೧೯೨೪ರ ಜನವರಿಯಲ್ಲಿ, ಅವಿವಾಹಿತೆಯಾಗಿದ್ದ ಸೇಯರ್ಸ್ ಒಂದು ಗಂಡು ಮಗುವಿಗೆ ತಾಯಿಯಾದಳು. ಪಾದ್ರಿಯ ಮಗಳು, ಆಗಿನ ಕಾಲ, ಹೇಳಿದರೆ ಕೆಲಸವೂ ಹೋದೀತು, ಮುಪ್ಪಿನ ತಂದೆತಾಯಿಯರ ಎದೆಯೂ ಒಡೆದೀತು. ಮಕ್ಕಳನ್ನು ಸಾಕುತ್ತಿದ್ದ ಐವಿ ಎಂಬ ಸೋದರಸಂಬಂಧಿಯೊಬ್ಬಳ ಬಳಿ ಮಗುವನ್ನು ಇರಿಸಿ, ಕೆಲವು ವಾರಗಳ ರಜೆಯ ಬಳಿಕ ಏನೂ ಆಗದವಳಂತೆ ಕಚೇರಿಗೆ ಮರಳಿದಳು. ತಂದೆತಾಯಿಯರು ಮೊಮ್ಮಗನಿರುವುದನ್ನು ಅರಿಯದೆಯೇ ತೀರಿಕೊಂಡರು. ೧೯೨೬ರಲ್ಲಿ ಆಕೆ ಫ್ಲೆಮಿಂಗ್ ಎಂಬ ಪತ್ರಕರ್ತನನ್ನು ಮದುವೆಯಾದ ಮೇಲೂ ಮಗ ಆ ಮನೆಗೆ ಬಂದು ನಿಲ್ಲಲಿಲ್ಲ. ಆತನ ಊಟ, ಬಟ್ಟೆ, ಶಾಲೆಯ ವೆಚ್ಚವೆಲ್ಲ ತಾಯಿಯ ದುಡಿಮೆಯಿಂದ ಹೋಗುತ್ತಿತ್ತು. ಆ ದುಡಿಮೆಯಲ್ಲಿ ಕಾದಂಬರಿಗಳ ಪಾಲೂ ಇತ್ತು.

ಇದನ್ನು ಇಲ್ಲಿ ಹೇಳುವುದು ಚಪಲಕ್ಕಲ್ಲ. ಪತ್ತೇದಾರಿ ಸಾಹಿತ್ಯವನ್ನು ಕುರಿತು ವಿದ್ವಾಂಸರು ಆಡುವ ತಾತ್ಸಾರದ ಮಾತಿಗೆಲ್ಲ ಹಿಂದೆ ಒಂದು ಗ್ರಹಿಕೆಯುಂಟು: ಅದು ದುಡ್ಡಿಗಾಗಿ ಬರೆದದ್ದು, ಆದುದರಿಂದ ಹಗುರವಾದದ್ದು. ಸೇಯರ್ಸ್ ದುಡ್ಡಿಗಾಗಿ ಬರೆದಳು, ಅದನ್ನು ಮರೆಮಾಚಲೂ ಇಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳುವ ಓದುಗನಿಗೆ ಕಳಪೆ ಮಾಲನ್ನು ಕೊಡುವುದು ಆಕೆಯ ಕಣ್ಣಿಗೆ ಅಪರಾಧವಾಗಿತ್ತು. ಇದೇ ನಿಲುವು ಆಕೆಯ ವಿಮರ್ಶೆಯ ತಳಹದಿ.

೧೯೨೮ರಲ್ಲಿ ಆಕೆ ಪತ್ತೇದಾರಿ, ರಹಸ್ಯ, ಭಯಾನಕ ಕಥೆಗಳ ದೊಡ್ಡದೊಂದು ಸಂಕಲನವನ್ನು ಸಂಪಾದಿಸಿ ಅದಕ್ಕೆ ಬರೆದ ಪೀಠಿಕೆಯೇ ಈ ಪ್ರಕಾರದ ಮೊದಲ ಗಂಭೀರ ಚರಿತ್ರೆಗಳಲ್ಲಿ ಒಂದು. ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಬರೆದ ಕಥೆಯಿಂದ ಹೊರಡುವ ಬದಲು ಆಕೆ ಬಹಳ ಹಿಂದಕ್ಕೆ ಹೋಗುತ್ತಾಳೆ. ಯೆಹೂದ್ಯರ ಪುರಾತನ ಕಥೆಗಳಲ್ಲಿ ಸಾಕ್ಷಿಗಳನ್ನು ಬೇರೆಬೇರೆಯಾಗಿ ಪ್ರಶ್ನಿಸಿ ಸುಳ್ಳನ್ನು ಹಿಡಿಯುವ ದಾನಿಯೇಲ, ಹೆರೊಡೋಟಸನು ಹೇಳುವ ಈಜಿಪ್ಟಿನ ರಾಜಭಂಡಾರದ ಕಳ್ಳ, ಹೆಜ್ಜೆಗುರುತು ತಿರುವುಮುರುವಾಗಲೆಂದು ದನಗಳನ್ನು ಬಾಲ ಹಿಡಿದು ಹಿಮ್ಮುಖವಾಗಿ ಎಳೆದೊಯ್ದ ವರ್ಜಿಲ್ ಕಾವ್ಯದ ಕಾಕಸ್—ಇವರೆಲ್ಲ ಅಲ್ಲಿ ಬರುತ್ತಾರೆ. ಕನ್ನಡಿಗನಾದವನು ಈ ಪೀಠಿಕೆಯನ್ನು ಓದುವಾಗ ಆ ಸಾಲಿಗೆ ನಮ್ಮ ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯ ವಿದ್ಯುಚ್ಚೋರನನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಾನೆ. ಹಗಲು ಕುಷ್ಠರೋಗಿಯ ವೇಷ, ಇರುಳು ಕಳವು. ಬೆನ್ನಟ್ಟುವ ತಳಾರ ಯಮದಂಡ. ನಡುವೆ ಮಾಯವಾದ ಅರಸನ ಹಾರ. ಜೈನಕವಿಯ ಗುರಿ ಬೇರೆ, ಕಳ್ಳನು ಕೊನೆಗೆ ರಿಸಿಯಾಗಬೇಕು. ಆದರೂ ಕಥೆಯ ನಡು ಪತ್ತೇದಾರಿಕೆಯದೇ. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಕೆಂಪುನಾರಾಯಣ ೧೮೨೩ರಲ್ಲಿ ‘ಮುದ್ರಾಮಂಜೂಷ’ವಾಗಿ ಗದ್ಯದಲ್ಲಿ ಹೇಳಿದನಷ್ಟೆ, ಅಲ್ಲಿ ಒಂದು ಮುದ್ರೆಯುಂಗುರ ಕೈಯಿಂದ ಕೈಗೆ ಹೋಗಿ ಒಬ್ಬ ಮಂತ್ರಿಯ ಹಣೆಬರಹವನ್ನೇ ತಿರುಗಿಸುತ್ತದೆ. ತಂತ್ರವೇನೆಂಬುದು ನೋಡುವವರಿಗೆ ಮೊದಲೇ ಗೊತ್ತು. ಗೊತ್ತಿದ್ದರೂ ಕುತೂಹಲ ಇಳಿಯುವುದಿಲ್ಲ. ಅಪರಾಧವನ್ನು ಮೊದಲೇ ತೋರಿಸಿ ಪತ್ತೆಯನ್ನು ಆಮೇಲೆ ಹೇಳುವ ಬಗೆಯನ್ನು ಆಸ್ಟಿನ್ ಫ್ರೀಮನ್ ೧೯೧೨ರ ತನ್ನ ಕಥೆಗಳಲ್ಲಿ ಹೊಸದೆಂಬಂತೆ ತಂದಾಗ ಇಂಗ್ಲೆಂಡು ಬೆರಗಾಯಿತು. ಚಾಣಕ್ಯನನ್ನು ಬಲ್ಲ ನಮಗೆ ಅಷ್ಟೊಂದು ಬೆರಗಿಗೆ ಕಾರಣವಿಲ್ಲ.

ಆ ಪೀಠಿಕೆಯಲ್ಲಿ ಸೇಯರ್ಸ್ ಕೊಟ್ಟ ತೀರ್ಪು ಮಾತ್ರ ನಿಷ್ಠುರವಾದದ್ದು. ಪತ್ತೇದಾರಿ ಕಥೆ ಜಾಣ್ಮೆಯ ಕಲೆ, ಮನುಷ್ಯನ ಆಳವಾದ ದುಃಖಾವೇಶಗಳಿಗೆ ಅದು ಇಳಿಯಲಾರದು. ಆದುದರಿಂದ ಸಾಹಿತ್ಯದ ಅತ್ಯುನ್ನತ ಶಿಖರಕ್ಕೆ ಏರಲೂ ಆರದು. ಪ್ರಣಯ ಪ್ರಸಂಗಗಳನ್ನು ಅದರೊಳಗೆ ತುರುಕುವುದು ಬಹುಮಟ್ಟಿಗೆ ಅಡ್ಡಿಯೇ ಸರಿ—ಇದು ಆಗಿನ ಆಕೆಯ ಅಭಿಪ್ರಾಯದ ಸಾರ. ಎರಡು ವರ್ಷ ಹಿಂದೆ, ೧೯೨೬ರಲ್ಲಿ, ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ ಹೊರಬಂದು ದೊಡ್ಡ ಗದ್ದಲವಾಗಿತ್ತು. ಅದರ ಕೊನೆ ಓದುಗನಿಗೆ ಮಾಡಿದ ಮೋಸವೆಂದು ಹಲವರು ಕೂಗಿದರು. ಸೇಯರ್ಸ್ ಆಕೆಯ ಪರ ನಿಂತಳು. ಬೇಕಾದ ಸುಳಿವುಗಳೆಲ್ಲ ಪುಟದ ಮೇಲಿವೆ. ಪ್ರತಿಯೊಬ್ಬರನ್ನೂ ಶಂಕಿಸುವುದು ಓದುಗನ ಹೊಣೆ ಎಂಬುದು ಆಕೆಯ ವಾದ. (ಆ ಕೊನೆ ಏನೆಂಬುದನ್ನು ಇಲ್ಲಿ ಬಿಟ್ಟುಕೊಡುವಂತಿಲ್ಲ, ಇನ್ನೂ ಓದದ ವಿದ್ಯಾರ್ಥಿಗಳು ಇದ್ದಾರು.)

೧೯೩೦ರಲ್ಲಿ ಲಂಡನ್ನಿನ ಪತ್ತೇದಾರಿ ಲೇಖಕರು ಸೇರಿ ‘ಡಿಟೆಕ್ಷನ್ ಕ್ಲಬ್’ ಎಂಬ ಕೂಟ ಕಟ್ಟಿಕೊಂಡರು. ಮೊದಲ ಅಧ್ಯಕ್ಷ ಚೆಸ್ಟರ್‌ಟನ್. ಹೊಸದಾಗಿ ಸೇರುವವರು ತಲೆಬುರುಡೆಯೊಂದರ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಬೇಕು: ತಮ್ಮ ಪತ್ತೇದಾರರು ಬುದ್ಧಿಬಲದಿಂದಲೇ ಅಪರಾಧವನ್ನು ಬಿಡಿಸುವರು, ದೈವವಾಣಿ, ಮಾಟಮಂತ್ರ, ಕಾಕತಾಳೀಯಗಳಿಗೆ ಮೊರೆಹೋಗರು, ಮುಖ್ಯವಾದ ಯಾವ ಸುಳಿವನ್ನೂ ಓದುಗನಿಂದ ಬಚ್ಚಿಡರು. ಅರ್ಧ ತಮಾಷೆ, ಅರ್ಧ ನಿಜ. ಆ ವಿಧಿಯನ್ನು ರೂಪಿಸಿದವರಲ್ಲಿ ಸೇಯರ್ಸ್ ಮುಖ್ಯಳು. ೧೯೪೯ರಿಂದ ತೀರಿಕೊಳ್ಳುವವರೆಗೆ ಆ ಕೂಟದ ಅಧ್ಯಕ್ಷತೆಯೂ ಆಕೆಯದಾಗಿತ್ತು.

ಈ ಹಿನ್ನೆಲೆಯೊಡನೆ ಆಕೆ ‘ಸಂಡೇ ಟೈಮ್ಸ್’ ಅಂಕಣಕ್ಕೆ ಬಂದಳು. ಪತ್ತೇದಾರಿ ಕಾದಂಬರಿಯ ವಿಮರ್ಶೆ ಉಳಿದ ವಿಮರ್ಶೆಗಳಂತಲ್ಲ. ಕಾವ್ಯವನ್ನು ವಿಮರ್ಶಿಸುವವನು ಕಾವ್ಯದ ಹೃದಯಕ್ಕೆ ನೇರವಾಗಿ ಕೈಹಾಕಬಹುದು. ರನ್ನನ ಭೀಮ ಗೆಲ್ಲುತ್ತಾನೆಂದು ಮೊದಲೇ ಹೇಳಿದರೆ ‘ಗದಾಯುದ್ಧ’ಕ್ಕೆ ಕುಂದಿಲ್ಲ. ಇಲ್ಲಿ ಹಾಗಲ್ಲ. ಕೃತಿಯ ಹೃದಯವಿರುವುದು ಅದರ ಬಿಡಿಸಿಕೆಯಲ್ಲಿ. ಅದನ್ನು ಮುಟ್ಟಿದರೆ ಕೃತಿ ಸತ್ತಿತು, ಮುಟ್ಟದಿದ್ದರೆ ವಿಮರ್ಶೆ ಟೊಳ್ಳಾಯಿತು. ಹೆಚ್ಚಿನ ಪತ್ರಿಕೆಗಳು ಈ ತೊಡಕಿನಿಂದ ಪಾರಾಗಲು ಸುಲಭದ ದಾರಿ ಹಿಡಿದಿದ್ದುವು: ಕಥೆಯ ಮೊದಲ ಮೂರು ಅಧ್ಯಾಯಗಳ ಸಾರಾಂಶ, ಕೊನೆಗೆ ರೋಮಾಂಚಕ ಎಂಬ ಒಂದು ಪದ. ಸೇಯರ್ಸ್ ಆ ದಾರಿ ಹಿಡಿಯಲಿಲ್ಲ. ಹಲವು ಸಲ ಆಕೆಯ ಅಂಕಣ ಪುಸ್ತಕದಿಂದಲ್ಲ, ಕಲೆಯ ಒಂದು ಪ್ರಶ್ನೆಯಿಂದ ತೊಡಗುವುದು: ಪತ್ತೇದಾರನಿಗೆ ವ್ಯಕ್ತಿತ್ವ ಬೇಕೆ? ಕೊಲೆಗಾರನ ಉದ್ದೇಶ ಕೊಲೆಯ ಭಾರವನ್ನು ಹೊರುವಷ್ಟು ಗಟ್ಟಿಯಾಗಿದೆಯೆ? ಒಗಟನ್ನು ನಂಬಿದ ಕಥೆಗೂ ಬರಿಯ ಓಟವನ್ನು ನಂಬಿದ ಸಾಹಸಕಥೆಗೂ ಒಂದೇ ಅಳತೆಗೋಲು ಸಲ್ಲುತ್ತದೆಯೆ? ಆ ಪ್ರಶ್ನೆಯ ಬೆಳಕಿನಲ್ಲಿ ವಾರದ ಪುಸ್ತಕಗಳನ್ನು ಒಂದೊಂದಾಗಿ ನಿಲ್ಲಿಸುವಳು. ಗುಟ್ಟನ್ನು ಹೇಳದೆಯೇ ಗುಟ್ಟು ನ್ಯಾಯವಾಗಿ ಕಟ್ಟಲ್ಪಟ್ಟಿದೆಯೋ ಇಲ್ಲವೋ ಎಂಬುದನ್ನು ಹೇಳುವುದಕ್ಕೆ ಇದರಿಂದ ಒಂದು ನೆಲೆ ದೊರಕಿತು.

ಭಾಷೆಯ ವಿಷಯದಲ್ಲಿ ಆಕೆ ಬಲು ಕಟು. ವ್ಯಾಕರಣ ಕೆಟ್ಟ ವಾಕ್ಯ, ಅರ್ಥ ಅರಿಯದೆ ಬಳಸಿದ ದೊಡ್ಡ ಪದ, ಒಂದೇ ದನಿಯಲ್ಲಿ ಮಾತನಾಡುವ ಪ್ರಭುಗಳು ಮತ್ತು ಆಳುಗಳು—ಇವನ್ನು ಕಂಡರೆ ಬಿಡುತ್ತಿರಲಿಲ್ಲ. ಪತ್ತೇದಾರಿ ಕಥೆಗೆ ಇಷ್ಟೆಲ್ಲ ಭಾಷಾಶುದ್ಧಿ ಏಕೆಂದು ಕೇಳುವವರಿಗೆ ಉತ್ತರ ಸರಳವಾಗಿದೆ. ಈ ಕಥೆಗಳಲ್ಲಿ ಓದುಗನು ಪ್ರತಿ ಪದವನ್ನೂ ಸಾಕ್ಷ್ಯವೆಂದು ಹಿಡಿಯಬೇಕಾಗಿದೆ. ಲೇಖಕನ ಅಜಾಗರೂಕತೆಯಿಂದ ತಪ್ಪಿದ ಒಂದು ವಿಭಕ್ತಿ ಸುಳಿವೋ ಅಚ್ಚಿನ ದೋಷವೋ ಎಂದು ತಿಳಿಯದೆ ಹೋದರೆ ಆಟವೇ ಮುಗಿಯಿತು. ವಸ್ತುಸ್ಥಿತಿಯ ಬಗೆಗೂ ಆಕೆ ಇಷ್ಟೇ ನಿಷ್ಠುರೆ. ಆ ನಿಷ್ಠುರತೆಯ ಬಿಸಿ ಸ್ವತಃ ಆಕೆಗೂ ತಾಗಿದ್ದುಂಟು. ೧೯೨೭ರ ‘ಅನ್‌ನ್ಯಾಚುರಲ್ ಡೆತ್’ನಲ್ಲಿ ಆಕೆ ಹೇಳಿದ ಕೊಲೆಯ ಉಪಾಯ ಅಷ್ಟು ಸುಲಭವಾಗಿ ಫಲಿಸದೆಂದು ವೈದ್ಯರು ತೋರಿಸಿದರು. ವೈದ್ಯನಾದ ರಾಬರ್ಟ್ ಯೂಸ್ಟೇಸನೊಡನೆ ಕೂಡಿ ೧೯೩೦ರಲ್ಲಿ ಬರೆದ ‘ದಿ ಡಾಕ್ಯುಮೆಂಟ್ಸ್ ಇನ್ ದಿ ಕೇಸ್’ ಅಣಬೆಯ ವಿಷವೊಂದರ ರಾಸಾಯನಿಕ ಗುಣದ ಮೇಲೆ ನಿಂತಿದೆ. ಆ ಗುಣ ಆ ವಿಷಕ್ಕಿಲ್ಲವೆಂದು ಆಕ್ಷೇಪ ಬಂತು. ಸ್ವಾರಸ್ಯವೆಂದರೆ, ೧೯೫೦ರ ದಶಕದಲ್ಲಿ ಆ ವಿಷದ ರಚನೆ ಸರಿಯಾಗಿ ತಿಳಿದಾಗ ಆಕ್ಷೇಪಿಸಿದವರದೇ ತಪ್ಪೆಂದು ಗೊತ್ತಾಯಿತು. ವಿಮರ್ಶಕನು ರಸಾಯನಶಾಸ್ತ್ರ ಓದಿರಬೇಕಾಗಿಲ್ಲ ನಿಜ. ಆದರೆ ಕೃತಿಯ ಒಗಟು ಯಾವ ಕಂಬದ ಮೇಲೆ ನಿಂತಿದೆಯೋ ಆ ಕಂಬವನ್ನು ಒಮ್ಮೆ ತಟ್ಟಿ ನೋಡುವಷ್ಟು ಸಹನೆ ಬೇಕು.

ಹೊಗಳಬೇಕಾದಲ್ಲಿ ಜಿಪುಣತನವಿರಲಿಲ್ಲ. ಅಮೆರಿಕದ ತರುಣ ಜಾನ್ ಡಿಕ್ಸನ್ ಕಾರ್ ೧೯೩೩ರಲ್ಲಿ ‘ದಿ ಮ್ಯಾಡ್ ಹ್ಯಾಟರ್ ಮಿಸ್ಟರಿ’ ಬರೆದಾಗ, ಒಗಟಿನ ಪುಟ್ಟ ರಂಗದಾಚೆಯ ಕತ್ತಲನ್ನೂ ಒಳಗೆ ತರಬಲ್ಲ ಬರಹಗಾರ ಈತನೆಂದು ಆಕೆ ಗುರುತಿಸಿ ಬರೆದಳು. ಮೂರು ವರ್ಷದ ಬಳಿಕ ಡಿಟೆಕ್ಷನ್ ಕ್ಲಬ್ಬು ಆತನನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ೧೯೩೪ರ ಮೊದಲಲ್ಲಿ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಬಂದಾಗ ಅದರ ಕಟ್ಟಡದ ಅಚ್ಚುಕಟ್ಟನ್ನು ಮೆಚ್ಚಿ ಸ್ವಾಗತಿಸಿದಳು.

ಇಲ್ಲಿ ಒಂದು ಮುಳ್ಳು ಇದೆ, ಅದನ್ನು ಮುಚ್ಚಿಡಬಾರದು. ಕ್ರಿಸ್ಟಿಯೂ ಆಕೆಯೂ ಒಂದೇ ಕೂಟದ ಸದಸ್ಯರು. ಆಕೆ ವಿಮರ್ಶಿಸಿದ ಲೇಖಕರಲ್ಲಿ ಹಲವರು ಜೊತೆಗೆ ಕುಳಿತು ಉಂಡವರು. ಪುಸ್ತಕಗಳಲ್ಲಿ ಕೆಲವನ್ನು ಹೊರತಂದವನು ಆಕೆಯ ಪ್ರಕಾಶಕನಾದ ಗೊಲಾಂಜ್. ಇಂಥಲ್ಲಿ ನ್ಯಾಯದ ತಕ್ಕಡಿ ಅಲುಗದೆ ಇದ್ದೀತೆ? ಗೆಳೆಯನ ಪುಸ್ತಕಕ್ಕೆ ಮುನ್ನುಡಿಯನ್ನೂ, ಅದೇ ಪುಸ್ತಕಕ್ಕೆ ವಿಮರ್ಶೆಯನ್ನೂ ಒಬ್ಬನೇ ಬರೆಯುವ ಪದ್ಧತಿಯನ್ನು ಬಲ್ಲ ನಾವು ಈ ಪ್ರಶ್ನೆಯನ್ನು ಇಂಗ್ಲೆಂಡಿನದೆಂದು ತಳ್ಳಿಹಾಕುವಂತಿಲ್ಲ. ಸೇಯರ್ಸ್ ಎಲ್ಲ ಸಲವೂ ಪಾರಾದಳೆಂದು ನಾನು ಹೇಳಲಾರೆ. ಆದರೆ ಆಕೆ ಮೆಚ್ಚಿಗೆಗೂ ಆಕ್ಷೇಪಕ್ಕೂ ಕಾರಣವನ್ನು ಕೊಡುತ್ತಿದ್ದಳು. ಆ ಕಾರಣವನ್ನು ಪುಸ್ತಕದೊಡನೆ ಇಟ್ಟು ಓದುಗನೇ ಪರೀಕ್ಷಿಸಬಹುದಾಗಿತ್ತು. ಸುಳಿವುಗಳನ್ನೆಲ್ಲ ಓದುಗನ ಮುಂದಿಡಬೇಕೆಂಬ ಕೂಟದ ಪ್ರತಿಜ್ಞೆಯನ್ನು ಆಕೆ ವಿಮರ್ಶೆಯಲ್ಲೂ ನಡೆಸಿದಳೆನ್ನಬೇಕು.

ಅಂಕಣದ ನಡುವೆಯೇ, ೧೯೩೫ರ ಮಾರ್ಚಿಯಲ್ಲಿ, ಆಕ್ಸ್‌ಫರ್ಡಿನಲ್ಲಿ ಅರಿಸ್ಟಾಟಲ್ ಮತ್ತು ಪತ್ತೇದಾರಿ ಕಥೆ ಎಂಬ ವಿಷಯವಾಗಿ ಒಂದು ಉಪನ್ಯಾಸ ಮಾಡಿದಳು. ಕಾವ್ಯಮೀಮಾಂಸೆಯ ಆ ಗ್ರೀಕ್ ಗುರು ನಿಜವಾಗಿ ಬಯಸಿದ್ದು ಒಳ್ಳೆಯ ಪತ್ತೇದಾರಿ ಕಥೆಯನ್ನೇ. ಪಾಪ, ಆತನ ಕಾಲಕ್ಕೆ ಅದು ಇನ್ನೂ ಹುಟ್ಟಿರಲಿಲ್ಲವಾಗಿ ದುರಂತ ನಾಟಕಗಳಲ್ಲಿ ತೃಪ್ತಿಪಟ್ಟುಕೊಂಡ ಎಂಬ ವಿನೋದದಿಂದ ಅದು ತೊಡಗುತ್ತದೆ. ವಿನೋದದ ಕೆಳಗೆ ಗಟ್ಟಿಯಾದ ವಿಚಾರವಿದೆ. ಸುಳ್ಳನ್ನು ಆಡದೆಯೇ ಓದುಗನು ತಾನಾಗಿ ತಪ್ಪು ತೀರ್ಮಾನಕ್ಕೆ ಬರುವಂತೆ ನಿಜವನ್ನು ಜೋಡಿಸುವುದೇ ಈ ಕಲೆಯ ತಿರುಳು ಎಂಬುದನ್ನು ಆಕೆ ಅರಿಸ್ಟಾಟಲನಿಂದಲೇ ಹೊರತೆಗೆದು ತೋರಿಸುತ್ತಾಳೆ. ನಮ್ಮ ಭರತಮುನಿಯನ್ನು ಓದಿದವರಿಗೆ ಇಲ್ಲಿ ಇನ್ನೊಂದು ನೆನಪಾಗುವುದು ಸಹಜ. ನಾಟಕದ ಕೊನೆಯದಾದ ನಿರ್ವಹಣ ಸಂಧಿಯಲ್ಲಿ, ಮೊದಲು ಬಿತ್ತಿ ಚದುರಿದ ಅರ್ಥಗಳೆಲ್ಲ ಒಂದೆಡೆ ಕೂಡಬೇಕು, ಅಲ್ಲಿ ಅದ್ಭುತರಸ ಇರಬೇಕು ಎನ್ನುತ್ತದೆ ನಾಟ್ಯಶಾಸ್ತ್ರ. ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯವನ್ನು ತೂಗುವುದಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕೆ? ಎಲ್ಲವೂ ಕೂಡಿದ್ದೂ ಅದ್ಭುತವಿಲ್ಲದಿದ್ದರೆ ಅದು ಲೆಕ್ಕ; ಅದ್ಭುತವಿದ್ದೂ ಕೂಡದಿದ್ದರೆ ಅದು ಗಾರುಡಿ.

ಆದರೆ ಈ ಸೂತ್ರ ಹಿಡಿದು ಕನ್ನಡದ ಪತ್ತೇದಾರಿ ಕಾದಂಬರಿಗಳನ್ನು ತೂಗಿದವರು ಎಷ್ಟು ಮಂದಿ? ಕನ್ನಡ ಚಳವಳಿಯ ಸೇನಾನಿಯೆಂದು ನಾವು ನೆನೆಯುವ, ೧೯೬೭ರಲ್ಲಿ ತೀರಿಕೊಂಡ ಮ. ರಾಮಮೂರ್ತಿಗಳು ರಾಶಿ ರಾಶಿ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಎನ್. ನರಸಿಂಹಯ್ಯನವರು, ಪ್ರಾಥಮಿಕ ಶಾಲೆಯಾಚೆ ಓದದವರು, ಐನೂರಕ್ಕೂ ಮಿಕ್ಕಿ ಬರೆದರು; ಅವರ ಪತ್ತೇದಾರ ಪುರುಷೋತ್ತಮನಿಗಾಗಿಯೇ ಅಕ್ಷರ ಕೂಡಿಸಿ ಓದಲು ಕಲಿತವರುಂಟು. ಅವರ ಪುಸ್ತಕಗಳು ಸಾವಿರಾರು ಮನೆ ಹೊಕ್ಕುವು, ವಿಮರ್ಶೆಯ ಪುಟಗಳನ್ನು ಹೊಗಲಿಲ್ಲ. ಬೈಗಳೂ ಅವುಗಳಿಗೆ ಸಿಗಲಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿಯಾಗಿ ತೋರುತ್ತದೆ. ಒಳ್ಳೆಯ ಒಗಟಿಗೂ ಜಾಳು ಒಗಟಿಗೂ ಭೇದವೆಣಿಸುವ ಒಬ್ಬ ನಿಷ್ಠುರ ವಿಮರ್ಶಕನಿದ್ದಿದ್ದರೆ ಆ ಲೇಖಕರಲ್ಲಿ ಕೆಲವರಾದರೂ ಇಮ್ಮಡಿ ಶ್ರಮಪಟ್ಟು ಬರೆಯುತ್ತಿದ್ದರೇನೋ.

೧೯೩೫ರಲ್ಲಿ ಅಂಕಣ ನಿಂತಿತು. ಅದೇ ವರ್ಷ ‘ಗಾಡಿ ನೈಟ್’ ಬಂತು. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಯಾರೋ ಹೊಲಸು ಪತ್ರಗಳನ್ನು ಬರೆದು ಹಾಕುತ್ತಿದ್ದಾರೆ. ಇಡೀ ದೊಡ್ಡ ಕಾದಂಬರಿಯಲ್ಲಿ ಕೊಲೆಯೇ ಇಲ್ಲ. ಆ ವಿದುಷಿಯರು ಊಟದ ಮೇಜಿನ ಸುತ್ತ ಚರ್ಚಿಸುವ ಪ್ರಶ್ನೆ ಇದು: ತನ್ನ ಸಿದ್ಧಾಂತಕ್ಕೆ ವಿರೋಧವಾದ ಆಧಾರ ಕೈಗೆ ಸಿಕ್ಕಿದಾಗ ವಿದ್ವಾಂಸನಾದವನು, ಹೆಂಡತಿ ಮಕ್ಕಳ ಅನ್ನಕ್ಕೆ ಕುತ್ತು ಬಂದರೂ, ಅದನ್ನು ಹೊರಗಿಡಬೇಕೆ? ಅಥವಾ ಬಚ್ಚಿಡಬಹುದೆ? ಇದಕ್ಕಿಂತ ಹೆಚ್ಚು ಹೇಳಿದರೆ ಈ ಲೇಖನದ ನಾಯಿಕೆಗೆ ದ್ರೋಹ ಬಗೆದಂತಾಗುವುದು. ಏಳು ವರ್ಷ ಹಿಂದೆ ಪತ್ತೇದಾರಿ ಕಥೆ ಮನುಷ್ಯನ ಆಳಕ್ಕೆ ಇಳಿಯಲಾರದೆಂದು ತೀರ್ಪು ಕೊಟ್ಟವಳು ಈಗ ಅದನ್ನು ಇಳಿಸಿಯೇ ತೋರಿಸಿದ್ದಳು. ಪ್ರಣಯವನ್ನು ಅಡ್ಡಿಯೆಂದವಳು ಅದನ್ನೇ ಕಥೆಯ ನಡುವೆ ಕೂರಿಸಿದ್ದಳು. ಮುನ್ನೂರಕ್ಕೂ ಮಿಕ್ಕ ಪುಸ್ತಕಗಳನ್ನು ತೂಗಿದ ಎರಡು ವರ್ಷಗಳು ತಕ್ಕಡಿಯನ್ನು ತನ್ನ ಕಡೆಗೂ ತಿರುಗಿಸಿರಬೇಕು ಎಂದು ನನ್ನ ಎಣಿಕೆ.

ಅದಕ್ಕೆ ಮೊದಲಿನ ‘ದಿ ನೈನ್ ಟೇಲರ್ಸ್’, ೧೯೩೪ರದು, ಆಕೆಯ ಶ್ರೇಷ್ಠ ಕೃತಿಯೆಂದು ಹಲವರ ಮತ, ನನ್ನದೂ ಅದೇ. ಬಾಲ್ಯದ ಫೆನ್ ನೆಲವೇ ಅಲ್ಲಿನ ರಂಗ. ಇಗರ್ಜಿಯ ಗೋಪುರದಲ್ಲಿ ಎಂಟು ಗಂಟೆಗಳು. ಅವುಗಳನ್ನು ಲೆಕ್ಕದ ಕ್ರಮದಲ್ಲಿ ತಾಸುಗಟ್ಟಲೆ ಬಾರಿಸುವ ಹಳ್ಳಿಯವರ ವಿದ್ಯೆ. ಇನ್ನೊಬ್ಬರ ಗೋರಿಯಲ್ಲಿ ಸಿಕ್ಕ ಗುರುತಿಲ್ಲದ ಹೆಣ. ಗಂಟೆ ಬಾರಿಸುವ ಆ ಶಾಸ್ತ್ರವನ್ನು ಆಕೆ ಹಗ್ಗ ಹಿಡಿದು ಕಲಿತದ್ದಲ್ಲ, ಪುಸ್ತಕ ಹಿಡಿದು ಕಲಿತದ್ದು. ಕೊನೆಯಲ್ಲಿ ತೂಬು ಒಡೆದು ನೆರೆ ಬರುತ್ತದೆ. ಊರೆಲ್ಲ ದನಕರು, ಹಾಸಿಗೆ ಪಾತ್ರೆಗಳೊಡನೆ ಎತ್ತರದ ಇಗರ್ಜಿಗೆ ಹೋಗಿ ಸೇರುತ್ತದೆ.

೧೯೪೫ರ ಜನವರಿಯಲ್ಲಿ ಅಮೆರಿಕದ ಹಿರಿಯ ವಿಮರ್ಶಕ ಎಡ್ಮಂಡ್ ವಿಲ್ಸನ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪತ್ತೇದಾರಿ ಕಾದಂಬರಿಗಳ ಮೇಲೆ ಹರಿಹಾಯ್ದು ಬರೆದ ಲೇಖನ ಪ್ರಸಿದ್ಧವಾದದ್ದು. ಅದರಲ್ಲಿ ಆತ ಈ ಕಾದಂಬರಿಯನ್ನು ಬೇಸರದ ಪರಮಾವಧಿಯೆಂದು ತಳ್ಳಿದ. ಗಂಟೆಗಳ ವಿಷಯ ಬಂದಲ್ಲಿ, ಹಳ್ಳಿಯ ಜನ ಮಾತಾಡುವಲ್ಲಿ ಪುಟಗಳನ್ನು ಹಾರಿಸಿಕೊಂಡು ಓದಿದೆನೆಂದು ತಾನೇ ಒಪ್ಪಿಕೊಂಡ. ವಿ‌ಲ್ಸನ್ ದೊಡ್ಡ ವಿಮರ್ಶಕ, ಸಂದೇಹವಿಲ್ಲ. ಆದರೆ ಆತ ಹಾರಿಸಿದ ಪುಟಗಳಲ್ಲೇ ಒಗಟಿನ ಕೀಲಿಕೈ ಇತ್ತು. ಸಾಕ್ಷಿಗಳನ್ನು ಕೇಳದೆ ತೀರ್ಪು ಬರೆದ ನ್ಯಾಯಾಧೀಶನನ್ನು ನಾವು ಏನೆನ್ನುತ್ತೇವೆ? ಕಾದಂಬರಿ ಬೇಸರ ತರಿಸಿತೆಂದು ಹೇಳುವ ಹಕ್ಕು ಆತನಿಗಿತ್ತು. ಅದು ಕಟ್ಟಿಲ್ಲವೆಂದು ಹೇಳುವ ಹಕ್ಕು ಹಾರಿಸಿದ ಪುಟಗಳೊಡನೆ ಹೋಯಿತು.

ಆ ಪುಟಗಳನ್ನು ಗಲಗಲಿಯಲ್ಲಿ ಕುಳಿತು ಓದುವವರು ಹಾರಿಸಲಾರರು. ಕೃಷ್ಣೆಯ ದಡದ ಊರದು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಒಟ್ಟಿಗೆ ಏರಿ ಜಮಖಂಡಿ, ಮುಧೋಳದ ಸೀಮೆಯ ಹಳ್ಳಿಗಳಿಗೆ ನುಗ್ಗಿದಾಗ, ಜನ ಎತ್ತಿನ ಹಗ್ಗ ಹಿಡಿದು, ಕಾಳಿನ ಚೀಲ ಹೊತ್ತು ಎತ್ತರದ ನೆಲಕ್ಕೆ ನಡೆದದ್ದನ್ನು ಕಂಡವರಿಗೆ, ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂದು ಗಳಿಗೆಗೊಮ್ಮೆ ಕೇಳಿದವರಿಗೆ, ತೂಬು ಯಾರ ಹೊಣೆ ಎಂದು ಎರಡು ಇಲಾಖೆಗಳು ಜಗಳಾಡುತ್ತಿರುವ ಆ ಫೆನ್ ಹಳ್ಳಿಯ ಮಾತುಕತೆ ಬೇಸರ ತರುವುದಿಲ್ಲ. ಕಥೆಯ ನಡುವೆ ಸುಮ್ಮನೆ ಬಂದಂತೆ ಕಾಣುವ ಆ ತೂಬಿನ ಪ್ರಸ್ತಾಪವೇ ಕೊನೆಯ ನೆರೆಗೆ ಬಿತ್ತಿದ ಬೀಜವೆಂಬುದು ಅವರಿಗೆ ವಿಲ್ಸನ್ನನಿಗಿಂತ ಮೊದಲೇ ಹೊಳೆದೀತು.

ವಿಲ್ಸನ್ ಹಾಗೆ ಬರೆಯುವ ವೇಳೆಗೆ ಸೇಯರ್ಸ್ ಪತ್ತೇದಾರಿ ಕಾದಂಬರಿಯನ್ನು ಬಿಟ್ಟು ಬಹಳ ದೂರ ಹೋಗಿದ್ದಳು. ವಿಮ್ಸೀಯ ಕೊನೆಯ ಕಾದಂಬರಿ ೧೯೩೭ರದು. ಅದೇ ವರ್ಷ ಕ್ಯಾಂಟರ್ಬರಿಯ ಉತ್ಸವಕ್ಕೆ ಧಾರ್ಮಿಕ ನಾಟಕ ಬರೆದಳು. ೧೯೪೧-೪೨ರಲ್ಲಿ ಏಸುವಿನ ಬಾಳನ್ನು ಬಿ.ಬಿ.ಸಿ.ಗಾಗಿ ಹನ್ನೆರಡು ಬಾನುಲಿ ನಾಟಕಗಳಾಗಿ ಆಡುಮಾತಿನಲ್ಲಿ ಬರೆದಾಗ, ಪವಿತ್ರ ಪುರುಷರ ಬಾಯಲ್ಲಿ ಬೀದಿಯ ಮಾತೇ ಎಂದು ದೊಡ್ಡ ಕೋಲಾಹಲವಾಯಿತು. ೧೯೪೪ರಲ್ಲಿ, ಬಾಂಬು ಬೀಳುವ ದಿನಗಳಲ್ಲಿ, ಆಶ್ರಯಕ್ಕೆ ಓಡುವಾಗ ಡಾಂಟೆಯ ಮಹಾಕಾವ್ಯ ಕೈಗೆ ಸಿಕ್ಕಿ, ಕೆಳಗಿಡಲಾರದೆ ಓದಿದಳು. ಐವತ್ತು ದಾಟಿದ ಮೇಲೆ ಹಳೆಯ ಇಟಾಲಿಯನ್ ಭಾಷೆಯನ್ನು ಪಳಗಿಸಿಕೊಂಡು, ಮೂಲದ ಪ್ರಾಸಬಂಧವನ್ನು ಇಂಗ್ಲಿಷಿನಲ್ಲೂ ಉಳಿಸಿ ಅನುವಾದಕ್ಕೆ ತೊಡಗಿದಳು. ನರಕಕಾಂಡ ೧೯೪೯ರಲ್ಲಿ, ಶೋಧನಾಕಾಂಡ ೧೯೫೫ರಲ್ಲಿ, ಪೆಂಗ್ವಿನ್ನಿನ ಅಗ್ಗದ ಆವೃತ್ತಿಯಲ್ಲಿ ಬಂದುವು. ಡಾಂಟೆ ಮೊದಲು ಕಥೆಗಾರ, ಆಮೇಲೆ ದಾರ್ಶನಿಕ ಎಂದು ಆಕೆ ಹಟಹಿಡಿದು ವಾದಿಸಿದಳು. ಮುಂದೇನೆಂಬ ಓದುಗನ ಕುತೂಹಲಕ್ಕೆ ಮರ್ಯಾದೆ ಕೊಡುವುದನ್ನು ಆಕೆ ಕಲಿತದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವರ್ಗಕಾಂಡ ಮುಗಿಯಲಿಲ್ಲ. ೧೯೫೭ರ ಡಿಸೆಂಬರ್ ೧೭ರಂದು, ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ವಿಥಮ್ ಊರಿನ ತನ್ನ ಮನೆಯಲ್ಲಿ ಮೆಟ್ಟಿಲ ಬುಡದಲ್ಲಿ ಕುಸಿದು ತೀರಿಕೊಂಡಳು. ಉಳಿದ ಭಾಗವನ್ನು ಗೆಳತಿ ಬಾರ್ಬರಾ ರೆನಾಲ್ಡ್ಸ್ ಪೂರ್ತಿಗೊಳಿಸಿ ೧೯೬೨ರಲ್ಲಿ ಹೊರತಂದಳು. ಆಸ್ತಿಯ ಹಕ್ಕುದಾರನು ಆಕೆಯ ಮಗನೆಂಬುದು ಬಹಳ ಮಂದಿ ಆಪ್ತರಿಗೆ ತಿಳಿದದ್ದೂ ಆ ಸಾವಿನ ತರುವಾಯವೇ. ಮೂವತ್ತಮೂರು ವರ್ಷ ಆಕೆ ಆ ಒಂದು ಸುಳಿವನ್ನು ಅವರ ಮುಂದೆ ಇಟ್ಟಿರಲಿಲ್ಲ.

‘ಸಂಡೇ ಟೈಮ್ಸ್’ ಪತ್ರಿಕೆಯ ಆ ವಿಮರ್ಶೆಗಳು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿದ್ದು, ೨೦೧೭ರಲ್ಲಿ ಮಾರ್ಟಿನ್ ಎಡ್ವರ್ಡ್ಸರ ಟಿಪ್ಪಣಿಗಳೊಡನೆ ಒಂದು ಪುಸ್ತಕವಾಗಿ ಹೊರಬಂದುವು. ಅದರಲ್ಲಿ ಹೆಸರಿಸಿದ ಕಾದಂಬರಿಗಳಲ್ಲಿ ಬಹುಪಾಲು ಇಂದು ಬೇಕೆಂದರೂ ಸಿಗುವುದಿಲ್ಲ, ಲೇಖಕರ ಹೆಸರುಗಳನ್ನು ಅವರ ಊರಿನವರೇ ಮರೆತಿದ್ದಾರೆ. ಆದರೂ ಆ ಪುಟಗಳಲ್ಲಿ ಕೊಲೆಗಾರರ ಹೆಸರನ್ನು ಹುಡುಕಿ ಹೋದವರು ಬರಿಗೈಯಲ್ಲೇ ಹಿಂದಿರುಗಬೇಕಾಗುತ್ತದೆ.